ಚುಕ್ಕಿ ನುಂಗಿದ ದಾರ

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಮ್ಮನೆ ಬೆಕ್ಕು ಚುಕ್ಕಿ ಜಗಲಿಗೆ ಬಂದು, ಕುತ್ತಿಗೆ ಚಾಚಿ, ಹೊಟ್ಟೆ ಕುಲುಕಿಸಿ ವಾಂತಿ ಮಾಡಿತು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಕೂದಲು ಹೊಟ್ಟೆ ಸೇರುತ್ತದೆ, ಯಾವಾಗಲೋ ಒಮ್ಮೆ ಉಂಡೆಯಾಗಿ ಹೊರಬೀಳುತ್ತದೆ. ‘ಕೂದಲುಂಡೆ ಇರಬೇಕು ಬಿಡು’ ಎಂದೆ.

ಆರನೇ ಕ್ಲಾಸಿನ ಮೊಮ್ಮಗಳು ಬಗ್ಗಿ ನೋಡಿದಳು. ‘ತಾತ, ಕೂದಲೇ ಇಲ್ಲ. ಬರೀ ನೊರೆ.’

ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೇ ಹೋದದ್ದು ನನ್ನ ಮೊದಲ ತಪ್ಪು. ಎರಡನೆಯದು, ಪಾಪ ಹೊಟ್ಟೆ ಖಾಲಿಯಾಯಿತಲ್ಲ ಎಂದು ಬಟ್ಟಲಲ್ಲಿ ಹಾಲಿಟ್ಟದ್ದು. ಬೆಕ್ಕು ಎಂದರೆ ಹಾಲು ಎಂದೇ ನಾವೆಲ್ಲ ಕಲಿತವರು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿಹೋದ ಕಥೆ ಕೇಳಿ ನಕ್ಕಿದ್ದೇವಲ್ಲ! ನಿಜ ಏನೆಂದರೆ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ, ಕುಡಿದರೆ ಭೇದಿ ಹತ್ತಿಕೊಳ್ಳುತ್ತದೆ. ಹೊಟ್ಟೆ ಕೆಟ್ಟಾಗಲಂತೂ ಕೊಡಲೇಬಾರದು.

ಚುಕ್ಕಿ ಹಾಲನ್ನು ಎರಡು ಗುಟುಕು ನೆಕ್ಕಿ, ಅದನ್ನೂ ಕಕ್ಕಿತು. ಮಧ್ಯಾಹ್ನದ ಹೊತ್ತಿಗೆ ವಾಂತಿ ಹಳದಿ ಬಣ್ಣಕ್ಕೆ ತಿರುಗಿತ್ತು. ಕರೆದರೆ ಬರಲಿಲ್ಲ. ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಕುಳಿತಿತು. ನಾಯಿಗೆ ನೋವಾದರೆ ಬಂದು ಹೇಳಿಕೊಳ್ಳುತ್ತದೆ. ಬೆಕ್ಕು ಹಾಗಲ್ಲ, ನೋವಾದಷ್ಟೂ ಅಡಗುತ್ತದೆ. ಅಜ್ಜಿ (ಅಂದರೆ ನನ್ನ ಹೆಂಡತಿ) ‘ನನ್ನ ಜ್ವರದ ಮಾತ್ರೆಯಲ್ಲಿ ಒಂದು ಚೂರು ಕೊಡೋಣವೇ?’ ಎಂದಳು. ಕೊಡುವ ಮುಂಚೆ ಪಶುವೈದ್ಯರನ್ನು ಒಂದು ಮಾತು ಕೇಳೋಣವೆಂದು ಫೋನ್ ಮಾಡಿದೆ. ಇಡೀ ದಿನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

‘ಪ್ಯಾರಾಸಿಟಮಾಲಾ? ಅಯ್ಯೋ, ಬೇಡವೇ ಬೇಡ!’ ಎಂದರು ಡಾಕ್ಟರಮ್ಮ. ನಮ್ಮ ದೇಹ ಅದನ್ನು ಕರಗಿಸಿ ಹೊರಹಾಕುವ ಹಾಗೆ ಬೆಕ್ಕಿನ ದೇಹಕ್ಕೆ ಆಗುವುದಿಲ್ಲವಂತೆ. ಒಂದೇ ಒಂದು ಮಾತ್ರೆ ಅದರ ಜೀವ ತೆಗೆಯಬಹುದು.

ಆಮೇಲೆ ಪ್ರಶ್ನೆಗಳು ಶುರುವಾದವು. ಎಷ್ಟು ಸಲ ವಾಂತಿ? ಯಾವ ಬಣ್ಣ? ಕೊನೆಯ ಸಲ ತಿಂದದ್ದು ಯಾವಾಗ? ಮಲ ಹೋಗಿದೆಯಾ? ನಾನು ತಡವರಿಸುತ್ತಿದ್ದರೆ ಮೊಮ್ಮಗಳು ರಫ್ ಬುಕ್ ತಂದು ಓದತೊಡಗಿದಳು. ‘7.20, ಬಿಳಿ ನೊರೆ. 9.00, ಹಾಲು. 1.15, ಹಳದಿ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ.’ ನಮಗೆ ಗೊತ್ತೇ ಆಗದಂತೆ ಎಲ್ಲ ಬರೆದಿಟ್ಟಿದ್ದಳು!

‘ಜಾಣೆ! ಈಗ ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಗುಲಾಬಿಯಾಗಿದೆಯೋ, ಬಿಳಿಚಿದೆಯೋ?’

ಚುಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಬಾಯಿ ಬಿಡಿಸಿದೆ. ಒಸಡು ನೋಡುವ ಮೊದಲೇ ಮೊಮ್ಮಗಳು ಕೂಗಿದಳು, ‘ತಾತ, ನಾಲಗೆ ಕೆಳಗೆ ದಾರ!’ ಅಜ್ಜಿ ಹೂ ಕಟ್ಟುವ ಬಿಳಿ ದಾರ. ಎಳೆದು ತೆಗೆಯೋಣವೆಂದು ನಾನು ಬೆರಳು ಹಾಕಿದೆ.

‘ಎಳೀಬೇಡಿ!’ ಫೋನಿನೊಳಗಿಂದ ಬಂದ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಏಕೆಂದು ಹೇಳುತ್ತೇನೆ. ಪೈಜಾಮದ ಲಾಡಿ ಎಳೆದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಮುದುಡುತ್ತದಲ್ಲ? ದಾರದ ಒಂದು ತುದಿ ನಾಲಗೆಗೆ ಸಿಕ್ಕಿಕೊಂಡು, ಇನ್ನೊಂದು ಕರುಳಿನೊಳಗೆ ಇಳಿದರೆ ಕರುಳೂ ಹಾಗೆಯೇ ಮುದುಡಿಕೊಳ್ಳುತ್ತದೆ. ಬಿಗಿಯಾದ ದಾರ ಗರಗಸದಂತೆ ಕರುಳನ್ನು ಕೊಯ್ಯಬಹುದು. ಎಳೆದರೆ ಇನ್ನೂ ಅಪಾಯ. ಹಿಂಬದಿಯಿಂದ ದಾರ ಇಣುಕುತ್ತಿದ್ದರೂ ಅಷ್ಟೇ, ಎಳೆಯಬಾರದು. ಅದು ನುಂಗಿದ್ದಾದರೂ ಯಾಕೆ ಎನ್ನುತ್ತೀರಾ? ಬೆಕ್ಕು ನಿಮ್ಮ ಕೈ ನೆಕ್ಕಿದಾಗ ತುರಿಮಣೆ ಉಜ್ಜಿದ ಹಾಗಾಗುತ್ತದೆ. ಅದರ ನಾಲಗೆಯ ತುಂಬ ಗಂಟಲ ಕಡೆಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಬಾಯಿಗೆ ಬಂದ ದಾರ ಅವಕ್ಕೆ ಸಿಕ್ಕರೆ ಉಗುಳುವುದು ಕಷ್ಟ, ಒಳಗೊಳಗೇ ಹೋಗುತ್ತದೆ.

ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಲ್ಲಿ ಓಡಿದೆವು. ಎಕ್ಸ್‌ರೇ, ಸ್ಕ್ಯಾನು, ರಾತ್ರಿಯೇ ಆಪರೇಷನ್ನು. ಹೊರಬಂದದ್ದು ಒಂದು ಮೊಳ ದಾರ. ಅಜ್ಜಿ ಅದನ್ನು ನೋಡಿ ಮಾತೇ ಆಡಲಿಲ್ಲ.

ಎಲ್ಲ ವಾಂತಿಗೂ ಹೀಗೆ ಓಡಬೇಕೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಒಮ್ಮೆ ವಾಂತಿ ಮಾಡಿ, ಮತ್ತೆ ಎಂದಿನಂತೆ ಆಡುತ್ತಾ ತಿನ್ನುತ್ತಾ ಇದ್ದರೆ ಗಮನಿಸುತ್ತಿದ್ದರೆ ಸಾಕಂತೆ. ಪದೇ ಪದೇ ಆದರೆ, ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ, ಮಂಕಾಗಿ ಮೂಲೆ ಹಿಡಿದರೆ ಕಾಯಬಾರದು. ಮರಿಗಳಿಗೆ ವಾಂತಿ ಭೇದಿ ಎರಡೂ ಹತ್ತಿದರೆ ಗಂಟೆಗಳಲ್ಲೇ ನೀರಿನಂಶ ಬತ್ತಿಹೋಗುತ್ತದೆ. ಲಸಿಕೆ ಹಾಕಿಸದ ಮರಿಯಾದರೆ ಕೊಲ್ಲುವ ವೈರಸ್ಸೂ ಇರಬಹುದು. ‘ಉಪವಾಸ ಬಿಟ್ಟರೆ ಸರಿಹೋಗುತ್ತೆ’ ಎನ್ನುವ ನಮ್ಮ ಹಿರಿಯರ ವೈದ್ಯವೂ ಬೆಕ್ಕಿಗೆ ಸಲ್ಲದು. ಎರಡು ಮೂರು ದಿನ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ಕಾಯಿಲೆಯೇ ಶುರುವಾಗಬಹುದು, ದಪ್ಪ ಬೆಕ್ಕಿಗೆ ಇನ್ನೂ ಬೇಗ. ಗಂಡು ಬೆಕ್ಕು ತಿಣುಕುತ್ತಾ ಕುಳಿತರೆ ಮಲಬದ್ಧತೆಯೆಂದು ಹರಳೆಣ್ಣೆ ಕುಡಿಸುವವರೂ ಇದ್ದಾರೆ. ಮೂತ್ರ ಕಟ್ಟಿರಬಹುದು, ಅದಂತೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಚುಕ್ಕಿ ಕುತ್ತಿಗೆಗೆ ಪ್ಲಾಸ್ಟಿಕ್ ಕೊಳವೆ ಹಾಕಿಸಿಕೊಂಡು ಮನೆಗೆ ಬಂತು. ಪಥ್ಯ ಬೇಯಿಸಿದ ಕೋಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಕೂಡದು, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೆ ವಿಷ. ನಮ್ಮದು ಮಾಂಸ ಬೇಯಿಸದ ಮನೆ, ಪಕ್ಕದ ಮನೆಯವರು ದಿನಾ ಬೇಯಿಸಿ ಬಟ್ಟಲಲ್ಲಿ ಕೊಟ್ಟರು. ಮಲಮೂತ್ರದ ತಟ್ಟೆ ತೊಳೆಯುವುದು ನನ್ನ ಪಾಲು. ಆಮೇಲೆ ಸೋಪಿನಿಂದ ಕೈ ತೊಳೆದೆನೋ ಇಲ್ಲವೋ ಎಂದು ವಿಚಾರಿಸುವುದು ಮೊಮ್ಮಗಳ ಪಾಲು.

ಅಜ್ಜಿಯ ಹೂವಿನ ದಾರ ಈಗ ಮುಚ್ಚಳವಿರುವ ಬಿಸ್ಕತ್ತು ಡಬ್ಬಿಯಲ್ಲಿದೆ. ರಫ್ ಬುಕ್ಕಿನಲ್ಲಿ ಗುರುವಾರದ ಸಾಲು ಹೀಗಿದೆ: ‘6.40, ಎರಡು ಚಮಚ ಕೋಳಿ. ವಾಂತಿ ಇಲ್ಲ. ತಾತನನ್ನು ಪರಚಿತು.’