ಲಾಗ್ ಟೇಬಲ್ ಹೋಯಿತು, ಲಾಗರಿದಮ್ ಉಳಿಯಲಿ

ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ ವರ್ಷಕ್ಕೆ ಎಷ್ಟು? ಶೇ 36 ಎಂಬುದು ವಿದ್ಯಾವಂತರಿಂದಲೂ ಥಟ್ಟನೆ ಬರುವ ಉತ್ತರ. ಕಟ್ಟದೆ ಉಳಿದ ಬಡ್ಡಿ ಅಸಲಿಗೆ ಸೇರುತ್ತಾ ಹೋಗುವುದಾದರೆ ಈ ಉತ್ತರ ಸರಿಯಲ್ಲ. 10,000 ರೂಪಾಯಿ ಸಾಲ 12 ತಿಂಗಳಲ್ಲಿ 14,258 ರೂಪಾಯಿಯಾಗುತ್ತದೆ. ಎರಡು ವರ್ಷದಲ್ಲಿ 20,000 ದಾಟುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿ ಮುಂದೂಡುವ ನಗರವಾಸಿಯೂ, ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡುವ ಹಳ್ಳಿಯ ಮಹಿಳೆಯೂ ಸಿಲುಕುವುದು ಇದೇ ಲೆಕ್ಕದಲ್ಲಿ.

ಗಣಿತದಲ್ಲಿ ಇದಕ್ಕೆ ಘಾತೀಯ ಬೆಳವಣಿಗೆ ಎಂದು ಹೆಸರು. ಲಾಗರಿದಮ್ ಎಂಬುದು ಅದರ ತಿರುವು ಪ್ರಶ್ನೆ: ಇಷ್ಟು ಕಾಲಕ್ಕೆ ಸಾಲ ಎಷ್ಟಾದೀತು ಎಂಬುದರ ಬದಲಿಗೆ, ಎಷ್ಟು ಕಾಲಕ್ಕೆ ಅದು ಇಮ್ಮಡಿಯಾದೀತು? 2ರ ಲಾಗ್ 0.3010, 1.03ರ ಲಾಗ್ 0.0128. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ ಸುಮಾರು 23.5 ತಿಂಗಳು. ಇಷ್ಟು ಸರಳವಾದ ವಿಚಾರ ನಮ್ಮ ತರಗತಿಗಳಲ್ಲಿ ಬಾಯಿಪಾಠದ ಸೂತ್ರಗಳಾಗಿ ಒಣಗಿಹೋಗಿದೆ.

ಇದಕ್ಕೆ ಚಾರಿತ್ರಿಕ ಕಾರಣವೂ ಉಂಟು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದ್ದು ದೊಡ್ಡ ಗುಣಾಕಾರಗಳ ಶ್ರಮವನ್ನು ತಗ್ಗಿಸಲು. ಆ ಕೆಲಸವನ್ನು ಈಗ ಕ್ಯಾಲ್ಕುಲೇಟರ್ ಮಾಡುತ್ತದೆ. ಆದರೆ ಬೆಳವಣಿಗೆಯ ವೇಗವನ್ನು ಅರಿಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಗದು. ಪ್ರಶ್ನೆಯನ್ನು ಕೇಳಬೇಕಾದವನು ಮನುಷ್ಯನೇ.

ಅದರ ಮಹತ್ವ 2020ರಲ್ಲಿ ಮನವರಿಕೆಯಾಗಬೇಕಿತ್ತು. ಕೊರೊನಾ ಪ್ರಕರಣಗಳು ಲಾಕ್‌ಡೌನ್‌ಗೆ ಮುನ್ನ 3.4 ದಿನಕ್ಕೆ ಇಮ್ಮಡಿಸುತ್ತಿದ್ದವು, ಆ ಅವಧಿ 7.5 ದಿನಕ್ಕೆ ಏರಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಆ ವರ್ಷದ ಏಪ್ರಿಲ್‌ನಲ್ಲಿ ತಿಳಿಸಿತು. ಒಮ್ಮೆ ಇಮ್ಮಡಿಸಲು 3.4 ದಿನ ಸಾಕಾದರೆ ಒಂದು ತಿಂಗಳಲ್ಲಿ ನೂರು ಪ್ರಕರಣ ನಾಲ್ಕು ಸಾವಿರ ಮೀರಿ ನಲವತ್ತು ಸಾವಿರ ಮುಟ್ಟುತ್ತದೆ, 7.5 ದಿನವಾದರೆ ಸಾವಿರದ ಆರುನೂರಕ್ಕೆ ನಿಲ್ಲುತ್ತದೆ. ಈ ಅಂತರವನ್ನು ಗ್ರಹಿಸದವರಿಗೆ ಸರ್ಕಾರದ ಆತುರವೂ ಅರ್ಥವಾಗದು, ಅದರ ವೈಫಲ್ಯವೂ ಕಾಣದು.

ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದು ಸ್ವಾಗತಾರ್ಹ. ಆದರೆ ಕಾನೂನು ನೆರವಿಗೆ ಬರುವುದು ಸಾಲ ಬೆಳೆದು ನಿಂತ ಮೇಲೆ. ಗಣಿತ ಎಚ್ಚರಿಸುವುದು ಸಹಿ ಹಾಕುವ ಮೊದಲು. ಪಿಯುಸಿಯಲ್ಲಿ ಗಣಿತ ಆಯ್ದುಕೊಳ್ಳದವರೂ ಸಾಲಪತ್ರಕ್ಕೆ ಸಹಿ ಹಾಕುತ್ತಾರೆ. ಆದ್ದರಿಂದ ಘಾತ ಮತ್ತು ಲಾಗರಿದಮ್‌ಗಳನ್ನು ಹತ್ತನೇ ತರಗತಿಯೊಳಗೇ, ಬಡ್ಡಿ, ಬೆಲೆಯೇರಿಕೆ, ರೋಗ ಪ್ರಸರಣದ ಉದಾಹರಣೆಗಳೊಡನೆ ಕಲಿಸುವುದು ಅಗತ್ಯ. ಪರೀಕ್ಷೆಯಲ್ಲಿ ಸೂತ್ರ ಕೇಳುವ ಬದಲು ಒಂದು ಸಾಲಪತ್ರವನ್ನೇ ಕೊಟ್ಟು ಲೆಕ್ಕ ಹಾಕಿಸಲಿ.