ಹೊಟ್ಟೆ ಮುಟ್ಟದ ವೈದ್ಯಕೀಯ

ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂದು ನರಳುವವನನ್ನು ಆಸ್ಪತ್ರೆಗೆ ಕರೆದೊಯ್ದರೆ, ವೈದ್ಯರು ಅವನ ಹೊಟ್ಟೆ ಮುಟ್ಟುವ ಮೊದಲೇ ಲ್ಯಾಬಿನವರು ತೋಳಿಗೆ ಸೂಜಿ ಚುಚ್ಚಿರುತ್ತಾರೆ. ಚೀಟಿಯಲ್ಲಿ ಅಮೈಲೇಸ್, ಲೈಪೇಸ್ ಎರಡೂ ಇರುತ್ತವೆ. ಸಂಖ್ಯೆ ಏರಿದ್ದರೆ ‘ಪ್ಯಾಂಕ್ರಿಯಾಸ್’, ಏರದಿದ್ದರೆ ‘ಗ್ಯಾಸ್’. ವೈದ್ಯವಿದ್ಯೆ ಇಷ್ಟು ಸಲೀಸಾಗಿದ್ದರೆ ನಾವು ಐದೂವರೆ ವರ್ಷ ಓದಬೇಕಾಗಿರಲಿಲ್ಲ.

ರಕ್ತಪರೀಕ್ಷೆಯ ಮೇಲೆ ನನಗೆ ದ್ವೇಷವಿಲ್ಲ. ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡಗಿ ಕುಳಿತ ಅಂಗ. ಅದು ಬಾತುಕೊಂಡರೆ ಕೈಗೆ ಸಿಕ್ಕುವುದು ಕಷ್ಟ. ಆದರೆ ಅದರ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರಕ್ತದ ಅಮೈಲೇಸ್ ಅಳೆದು ಈ ರೋಗವನ್ನು ಗುರುತಿಸಬಹುದೆಂದು ಅಮೆರಿಕದ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು 1929ರಲ್ಲಿ ತೋರಿಸಿಕೊಟ್ಟರು. ಹೊಟ್ಟೆ ಕೊಯ್ದ ಮೇಲೋ ರೋಗಿ ಸತ್ತ ಮೇಲೋ ತಿಳಿಯುತ್ತಿದ್ದ ಕಾಯಿಲೆ ಒಂದಿಷ್ಟು ರಕ್ತದಲ್ಲಿ ತಿಳಿಯುವಂತಾಯಿತು. ಈ ಉಪಕಾರ ಸಣ್ಣದಲ್ಲ. ನನ್ನ ತಕರಾರಿರುವುದು ಸಾಕ್ಷಿ ಹೇಳಬೇಕಾದವನನ್ನು ಕರೆತಂದು ನ್ಯಾಯಾಧೀಶರ ಪೀಠದಲ್ಲಿ ಕೂರಿಸಿರುವುದರ ಬಗ್ಗೆ.

ಅಮೈಲೇಸ್ ನಮ್ಮ ಜೊಲ್ಲಿನಲ್ಲೂ ಇದೆ. ಮಂಗನಬಾವು ಬಂದರೂ ಅದು ಏರುತ್ತದೆ, ಮೂತ್ರಪಿಂಡ ಸೋತರೂ ಏರುತ್ತದೆ. ಅಲ್ಸರ್ ತೂತಾದಾಗ, ಕರುಳಿಗೆ ರಕ್ತ ನಿಂತಾಗ, ಗರ್ಭನಾಳದಲ್ಲಿ ಕಟ್ಟಿದ ಬಸುರು ಒಡೆದಾಗಲೂ ಏರಬಹುದು. ಇವು ಕೂಡಲೇ ಶಸ್ತ್ರಚಿಕಿತ್ಸೆ ಬೇಡುವ ಕಾಯಿಲೆಗಳು. ಸಂಖ್ಯೆಯನ್ನು ನಂಬಿ ಡ್ರಿಪ್ ಹಾಕಿ ಕಾಯುತ್ತ ಕುಳಿತರೆ ಜೀವವೇ ಹೋದೀತು. ಇನ್ನೊಂದು ಕಡೆ, ರೋಗವಿದ್ದೂ ಸಂಖ್ಯೆ ಏರದಿರಬಹುದು. ಅಮೈಲೇಸ್ ಮೂರರಿಂದ ಐದು ದಿನಗಳಲ್ಲಿ ಇಳಿದುಬಿಡುತ್ತದೆ. ಸೋಡಾ ಕುಡಿದು, ದೃಷ್ಟಿ ತೆಗೆಸಿ, ಅಂಗಡಿಯ ಮಾತ್ರೆ ನುಂಗಿ ನಾಲ್ಕನೆಯ ದಿನ ಬರುವ ಹಳ್ಳಿಯವನ ವರದಿ ‘ನಾರ್ಮಲ್’ ಆದರೆ ಅವನನ್ನು ಮನೆಗೆ ಕಳಿಸುವುದೇ?

ಲೈಪೇಸ್ ಎಂಟರಿಂದ ಹದಿನಾಲ್ಕು ದಿನ ಏರಿಯೇ ಇರುತ್ತದೆ, ಮೇದೋಜೀರಕಕ್ಕೆ ಹೆಚ್ಚು ನಿಷ್ಠವೂ ಹೌದು. ಅದೊಂದೇ ಸಾಕು, ಅಮೈಲೇಸ್ ಬೇಡವೆಂದು ಅಮೆರಿಕದ ಕ್ಲಿನಿಕಲ್ ಪೆಥಾಲಜಿ ಸಂಘವೇ ಹೇಳಿದೆ. ಆದರೂ ನಮ್ಮಲ್ಲಿ ಎರಡನ್ನೂ ಬರೆಯುವುದು ಏಕೆ? ಚೀಟಿಯಲ್ಲಿ ಎರಡೂ ಅಚ್ಚಾಗಿರುತ್ತವೆ, ಪೆನ್ನು ಟಿಕ್ ಹಾಕುತ್ತದೆ, ಹಣ ತೆರುವವನು ಬೇರೆಯವನು!

ಇದಕ್ಕಿಂತ ದೊಡ್ಡ ಅನ್ಯಾಯ ದಿನನಿತ್ಯದ ಮರುಪರೀಕ್ಷೆ. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಗಂಡನ ಬಿಲ್ಲುಗಳ ಕಟ್ಟನ್ನು ನನ್ನ ಮುಂದೆ ಹರಡಿದ್ದಳು. ಆರು ದಿನ, ದಿನಕ್ಕೆ ಎರಡೆರಡು ಕಿಣ್ವ ಪರೀಕ್ಷೆ. “ಇವತ್ತು ಮುನ್ನೂರು ಇಳಿದೈತಂತೆ ಸಾರ್, ಉಳ್ಕೊಂತಾರಾ?” ಎಂದು ಕೇಳಿದಳು. ರೋಗ ಗುರುತಿಸಿದ ಮೇಲೆ ಆ ಅಂಕಿಗೂ ರೋಗದ ತೀವ್ರತೆಗೂ ಸಂಬಂಧವಿಲ್ಲ. ಅವಳ ಪ್ರಶ್ನೆಗೆ ಉತ್ತರವಿದ್ದದ್ದು ಗಂಡನ ನಾಡಿಯಲ್ಲಿ, ಉಸಿರಿನಲ್ಲಿ, ಮೂತ್ರದ ಪ್ರಮಾಣದಲ್ಲಿ. ಅವಳು ಸಾಲ ಮಾಡಿ ಕೊಂಡದ್ದು ಬರಿಯ ಅಂಕಿಗಳನ್ನು.

2012ರ ಪರಿಷ್ಕೃತ ಅಟ್ಲಾಂಟಾ ಸೂತ್ರ ಮೂರು ಲಕ್ಷಣಗಳಲ್ಲಿ ಎರಡನ್ನು ಕೇಳುತ್ತದೆ: ಈ ರೋಗಕ್ಕೆ ತಕ್ಕ ನೋವು, ಸಾಮಾನ್ಯ ಮಿತಿಯ ಮೂರು ಪಟ್ಟಾದರೂ ಏರಿದ ಕಿಣ್ವ, ಸ್ಕ್ಯಾನಿನಲ್ಲಿ ಕಂಡ ಬದಲಾವಣೆ. ಪಟ್ಟಿಯಲ್ಲಿ ಮೊದಲು ನಿಂತಿರುವುದು ನೋವು. ಅದನ್ನು ತಿಳಿಯಲು ರೋಗಿಯ ಪಕ್ಕದಲ್ಲಿ ಕುಳಿತು ಮಾತನಾಡಿಸಬೇಕು. ಹೊಟ್ಟೆ ಹಲಗೆಯಂತೆ ಬಿಗಿದಿದೆಯೇ, ತೊಡೆಸಂದಿನಲ್ಲಿ ಹರ್ನಿಯಾ ಸಿಕ್ಕಿಕೊಂಡಿದೆಯೇ, ಹೆಂಗಸಿನ ಮುಟ್ಟು ತಪ್ಪಿದೆಯೇ ಎಂಬುದನ್ನು ಯಾವ ಕಿಣ್ವವೂ ಹೇಳದು. ಮೇಲ್ಹೊಟ್ಟೆಯ ನೋವೆಂದು ಬಂದದ್ದು ಹೃದಯಾಘಾತವಾಗಿದ್ದರೆ ಅದನ್ನು ಹೇಳುವುದು ಈಸಿಜಿ.

“ಕೇಸು ಹಾಕಿದರೆ ಏನು ಗತಿ?” ಎನ್ನುತ್ತಾರೆ ಕಿರಿಯ ವೈದ್ಯರು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ಕಾನೂನಿನ ಕೆಳಗೆ ತಂದಂದಿನಿಂದ ಈ ಭಯವಿದೆ. ಭಯ ನಿಜ. ಆದರೆ ಕಾನೂನು ಕೇಳುವುದು ತಕ್ಕ ಎಚ್ಚರ ವಹಿಸಿದಿರಾ ಎಂದು. ಹೊಟ್ಟೆ ಪರೀಕ್ಷಿಸಿ ಬರೆದಿಟ್ಟ ನಾಲ್ಕು ಸಾಲಿನಷ್ಟು ರಕ್ಷಣೆಯನ್ನು ಹನ್ನೆರಡು ವರದಿಗಳು ಕೊಡಲಾರವು.

ಲೈಪೇಸ್ ಮಾಡಿಸಿ, ಅನುಮಾನವಿದ್ದಾಗ, ಒಂದು ಸಲ. ರೋಗಿಯ ಕಡೆಯವರಿಗೂ ಒಂದು ಮಾತು: ಹಣ ಕಟ್ಟುವ ಮುನ್ನ ಸಂಕೋಚಪಡದೆ ಕೇಳಿ, “ಡಾಕ್ಟ್ರೇ, ಒಮ್ಮೆ ಹೊಟ್ಟೆ ಮುಟ್ಟಿ ನೋಡ್ತೀರಾ?”