ಪರದೇಶದಲ್ಲಿ ಕ್ಷಯದ ತಪಾಸಣೆ

ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ವಿಧಿಸುವ ಮೊದಲ ಷರತ್ತುಗಳಲ್ಲಿ ಕ್ಷಯರೋಗದ ತಪಾಸಣೆಯೂ ಒಂದು. ಕ್ಷಯ ವ್ಯಾಪಕವಾಗಿರುವ ದೇಶಗಳಿಂದ ಬಂದವರಿಗೇ ಮುಖ್ಯವಾಗಿ ಅನ್ವಯಿಸುವುದರಿಂದ ಇದನ್ನು ತಾರತಮ್ಯವೆಂದು ಬಗೆಯುವವರೂ ಇದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಕ್ಷಯಕ್ಕೆ ತುತ್ತಾದವರಲ್ಲಿ ಶೇ 26ರಷ್ಟು ಜನ ಭಾರತದವರು. ಅದೇ ವರ್ಷ ಅಮೆರಿಕದಲ್ಲಿ ಲಕ್ಷಕ್ಕೆ ಸುಮಾರು ಮೂವರಲ್ಲಷ್ಟೇ ಈ ರೋಗ ಕಂಡುಬಂದಿತ್ತು. ಇದನ್ನು ಗಮನಿಸಿದರೆ ಆ ಎಚ್ಚರಿಕೆಗೆ ಆಧಾರವಿದೆ ಎಂದು ಒಪ್ಪಲೇಬೇಕಾಗುತ್ತದೆ. ತಪಾಸಣೆಯ ಫಲಿತಾಂಶ ಏನನ್ನು ಹೇಳುತ್ತದೆ ಎಂಬ ತಿಳಿವಳಿಕೆಯಿಲ್ಲದೆ ಹುಟ್ಟುವ ಭೀತಿ ಮತ್ತು ಮುಚ್ಚುಮರೆಯೇ ಇಲ್ಲಿ ನಿಜವಾಗಿ ಚಿಂತಿಸಬೇಕಾದ ವಿಷಯ.

ಬಹುಕಾಲದಿಂದ ಬಳಕೆಯಲ್ಲಿರುವುದು ಚರ್ಮದ ಪರೀಕ್ಷೆ. ಫ್ರಾನ್ಸಿನ ವೈದ್ಯ ಷಾರ್ಲ್ ಮಾಂಟೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ಕ್ರಮದಲ್ಲಿ, ಕ್ಷಯದ ಬ್ಯಾಕ್ಟೀರಿಯಾದಿಂದ ಪಡೆದ ಟ್ಯೂಬರ್ಕ್ಯುಲಿನ್ ಎಂಬ ಪ್ರೋಟೀನಿನ ದ್ರಾವಣವನ್ನು ಮುಂಗೈಯ ಚರ್ಮದ ಪದರದೊಳಗೆ ಚುಚ್ಚಿ, 48ರಿಂದ 72 ಗಂಟೆಗಳ ನಂತರ ಅಲ್ಲಿ ಎದ್ದಿರುವ ಗಟ್ಟಿ ಉಬ್ಬನ್ನು ಅಳೆಯುತ್ತಾರೆ; ಸುತ್ತಲಿನ ಕೆಂಪು ಲೆಕ್ಕಕ್ಕೆ ಬರುವುದಿಲ್ಲ. ಕ್ಷಯ ಹೆಚ್ಚಾಗಿರುವ ದೇಶದಿಂದ ಇತ್ತೀಚೆಗೆ ಬಂದವರಲ್ಲಿ ಉಬ್ಬು 10 ಮಿ.ಮೀ. ಮುಟ್ಟಿದರೆ ಫಲಿತಾಂಶ ಪಾಸಿಟಿವ್. ತೊಡಕು ಇರುವುದೂ ಇಲ್ಲಿಯೇ. ಭಾರತದಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯು ಕ್ಷಯಕಾರಕದ ಹತ್ತಿರದ ಬಂಧುವಾದ, ದುರ್ಬಲಗೊಳಿಸಿದ ಬ್ಯಾಕ್ಟೀರಿಯಾದಿಂದ ತಯಾರಾದುದರಿಂದ, ಕ್ಷಯದ ಸೋಂಕೇ ಇಲ್ಲದವರ ಚರ್ಮವೂ ಟ್ಯೂಬರ್ಕ್ಯುಲಿನ್‌ಗೆ ಪ್ರತಿಕ್ರಿಯಿಸಬಹುದು. ಶೈಶವದಲ್ಲಿ ಪಡೆದ ಲಸಿಕೆಯ ಈ ಪ್ರಭಾವ ವರ್ಷಗಳು ಕಳೆದಂತೆ ಕುಗ್ಗುತ್ತದೆಯಾದರೂ ಸಂಶಯಕ್ಕೆ ಎಡೆ ಉಳಿದೇ ಇರುತ್ತದೆ. ಐಜಿಆರ್‌ಎ ಎಂಬ ರಕ್ತಪರೀಕ್ಷೆ ಈ ಸಂಶಯವನ್ನು ಬಹುಮಟ್ಟಿಗೆ ನಿವಾರಿಸುತ್ತದೆ: ಕ್ಷಯದ ಬ್ಯಾಕ್ಟೀರಿಯಾದಲ್ಲಿದ್ದು ಬಿಸಿಜಿ ತಳಿಯಲ್ಲಿಲ್ಲದ ಪ್ರೋಟೀನುಗಳಿಗೆ ರಕ್ತದ ಬಿಳಿಕಣಗಳನ್ನು ಒಡ್ಡಿ, ಅವು ಗಾಮಾ ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆಯೇ ಎಂದು ನೋಡುವುದು ಅದರ ವಿಧಾನ. ಬಿಸಿಜಿ ಪಡೆದವರಿಗೆ ಈ ರಕ್ತಪರೀಕ್ಷೆಯೇ ಲೇಸೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಸೂಚಿಸುವುದರಿಂದ, ವಿದ್ಯಾರ್ಥಿಗಳು ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬಹುದು.

ರಕ್ತಪರೀಕ್ಷೆಯೂ ಪಾಸಿಟಿವ್ ಬಂದಿತೆಂದರೆ ಆ ವ್ಯಕ್ತಿ ಕ್ಷಯರೋಗಿ ಎಂದು ತೀರ್ಮಾನಿಸುವಂತಿಲ್ಲ. ಬ್ಯಾಕ್ಟೀರಿಯಾ ದೇಹವನ್ನು ಹೊಕ್ಕಿದ್ದರೂ ರೋಗನಿರೋಧಕ ಶಕ್ತಿಯ ಹಿಡಿತದಲ್ಲಿ ಅಡಗಿರುವ ಸ್ಥಿತಿಗೆ ಸುಪ್ತ ಕ್ಷಯವೆಂದು ಹೆಸರು. ಜಗತ್ತಿನ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಂಥ ಸೋಂಕಿಗೆ ಒಳಗಾದವರೆಂಬ ಅಂದಾಜಿದೆ. ಇವರಿಗೆ ಕೆಮ್ಮು, ಜ್ವರಗಳಿರುವುದಿಲ್ಲ, ಇವರಿಂದ ಇತರರಿಗೆ ರೋಗ ಹರಡುವುದಿಲ್ಲ. ಎದೆಯ ಎಕ್ಸ್-ರೇ ತೆಗೆದು, ಅಗತ್ಯವಿದ್ದರೆ ಕಫವನ್ನೂ ಪರೀಕ್ಷಿಸಿದ ನಂತರವೇ ಸಕ್ರಿಯ ಕ್ಷಯ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸುಪ್ತ ಸೋಂಕಿರುವ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಬದುಕಿನ ಯಾವುದಾದರೊಂದು ಘಟ್ಟದಲ್ಲಿ ರೋಗ ತಲೆಯೆತ್ತಬಹುದಾದ್ದರಿಂದ ಅಮೆರಿಕದ ವೈದ್ಯರು ಔಷಧಿಯನ್ನು ಸೂಚಿಸುತ್ತಾರೆ. ಹಿಂದೆ ಆರು ಅಥವಾ ಒಂಬತ್ತು ತಿಂಗಳು ಐಸೋನಿಯಾಜಿಡ್ ನುಂಗಬೇಕಿದ್ದ ಕಡೆ ಈಗ ನಾಲ್ಕು ತಿಂಗಳ ರಿಫಾಂಪಿಸಿನ್ ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರಗಳ ಜೋಡಿ ಔಷಧಿ ಸಾಕಾಗುತ್ತದೆ. ಯಕೃತ್ತಿಗೆ ಹಾನಿಯಾಗುವ ಸಾಧ್ಯತೆಯ ಮೇಲೆ ನಿಗಾ ಇಡಬೇಕು, ಮದ್ಯದಿಂದ ದೂರವಿರಬೇಕು ಎಂಬುದು ನಿಜ; ಆದರೂ ಭಾರತದಲ್ಲಿ ಎಲ್ಲರಿಗೂ ಇರುವಂಥದ್ದೇ ಎಂಬ ಸಮಾಧಾನದಿಂದ ಔಷಧಿಯನ್ನು ನಿರಾಕರಿಸುವುದು ವಿವೇಕವಲ್ಲ. ಮದುವೆಗೆ ತೊಡಕಾದೀತೆಂದು ಮನೆಯವರಿಂದಲೂ ವಿಷಯವನ್ನು ಮುಚ್ಚಿಡುವಂತೆ ಮಾಡುವ ಕಳಂಕಭಾವವಂತೂ ರೋಗಕ್ಕಿಂತ ಕ್ರೂರವಾದುದು.

ತಪಾಸಣೆಯ ಹಿಂದಿನ ನೀತಿ ಎಲ್ಲ ದೇಶಗಳಲ್ಲಿ ಒಂದೇ ಬಗೆಯದಲ್ಲ. ಬ್ರಿಟನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಬರುವ ಭಾರತೀಯರಿಂದ ಹೊರಡುವ ಮೊದಲೇ ಎಕ್ಸ್-ರೇ ಆಧಾರಿತ ಪ್ರಮಾಣಪತ್ರವನ್ನು ಬಯಸುತ್ತದೆ. ಆದರೆ ಅಲ್ಲಿಗೆ ಹೋದ ನಂತರ ಕ್ಷಯ ಕಾಣಿಸಿಕೊಂಡರೆ ವೀಸಾ ಯಾವುದೆಂದು ನೋಡದೆ ಉಚಿತವಾಗಿ ಚಿಕಿತ್ಸೆ ನೀಡುತ್ತದೆ. ಕರಾವಳಿಯ ಕುಟುಂಬಗಳು ತಲೆಮಾರುಗಳಿಂದ ನೆಚ್ಚಿಕೊಂಡಿರುವ ಗಲ್ಫ್ ದೇಶಗಳ ಕ್ರಮ ಬೇರೆ. ಊರಿನಲ್ಲೇ ನಡೆಯುವ ವೈದ್ಯಕೀಯ ತಪಾಸಣೆಯ ಎಕ್ಸ್-ರೇಯಲ್ಲಿ ಹಿಂದೆಂದೋ ಗುಣವಾದ ಕ್ಷಯದ ಕಲೆ ಕಂಡರೂ ಅಭ್ಯರ್ಥಿಯನ್ನು ಅನರ್ಹನೆಂದು ಘೋಷಿಸುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಯುಎಇ 2016ರಲ್ಲಿ, ಈಗಾಗಲೇ ಅಲ್ಲಿ ನೆಲೆಸಿದವರು ವೀಸಾ ನವೀಕರಿಸುವಾಗ ಕ್ಷಯ ಕಂಡುಬಂದರೆ ಗಡೀಪಾರು ಮಾಡುವ ಬದಲು ಚಿಕಿತ್ಸೆಗೆ ಒಳಪಡಿಸುವ ನಿರ್ಧಾರ ಕೈಗೊಂಡಿದ್ದು ಮೆಚ್ಚಬೇಕಾದ ಬದಲಾವಣೆ, ಆದರೆ ಹೊಸದಾಗಿ ಹೊರಟ ಕಾರ್ಮಿಕನಿಗೆ ಅದರಿಂದ ಪ್ರಯೋಜನವಿಲ್ಲ.

ಗುಣವಾದ ಕಲೆ ಸೋಂಕನ್ನು ಹರಡುವುದಿಲ್ಲ. ಸಕ್ರಿಯ ಕ್ಷಯವಿದ್ದರೂ ರೋಗಿಯನ್ನು ಹೊರಗಟ್ಟುವುದು ಅನಿವಾರ್ಯವಲ್ಲವೆಂಬುದನ್ನು 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೇ ತೋರಿಸಿಕೊಟ್ಟಿದೆ: ಬಡವರ ಇಕ್ಕಟ್ಟಾದ ಮನೆಗಳಲ್ಲಿಯೇ ಔಷಧಿ ಪಡೆದವರು ಸ್ಯಾನಟೋರಿಯಂ ಸೇರಿದವರಂತೆಯೇ ಚೇತರಿಸಿಕೊಂಡರು, ಮನೆಮಂದಿಗೂ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಅರಿವಿನ ಮೇಲೆಯೇ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿತು. ಗಲ್ಫ್ ಸರ್ಕಾರಗಳೊಂದಿಗೆ ಕಾರ್ಮಿಕರ ಕುರಿತು ಮಾತುಕತೆಗೆ ಕುಳಿತಾಗಲೆಲ್ಲ ಭಾರತ ಸರ್ಕಾರ ಈ ಆಧಾರವನ್ನು ಮುಂದಿಟ್ಟು, ಚಿಕಿತ್ಸೆ ಪೂರೈಸಿ ಗುಣಹೊಂದಿದವರ ಹಳೆಯ ಕಲೆಯನ್ನು ಅನರ್ಹತೆಯ ಪಟ್ಟಿಯಿಂದ ತೆಗೆಯಬೇಕೆಂದು ಸ್ಪಷ್ಟವಾಗಿ ಕೇಳಬೇಕು.